ಗೋವಿನಜೋಳದ ಚೀಲ ಹೊತ್ತು ತಿರುಗಿದ್ದು

ಇಂಥವೆಲ್ಲ ನನಗೇ ಯಾಕೆ ಒದಗುತ್ತವೆ ಎಂದು ಮೊದಮೊದಲು ಯೋಚಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಉಪ್ಪಿನಕಾಯಿ, ಹುಣಸೆಹಣ್ಣು, ಬೀಗತನ, ಮನೆತನದ ಹೆಸರು, ಹೀಗೆ ಊರಿಗೆ ಊರೇ ಏನೇನೋ ಕೆಡದ ಹಾಗೆ ಇಟ್ಟುಕೊಳ್ಳುವುದರಲ್ಲಿ ಜೀವ ತೇಯುತ್ತಿರುವಾಗ, ನಾನೊಬ್ಬಳು ಎಂ.ಎಸ್ಸಿ. ಓದಿ ಕೆಡುವ ವಸ್ತು ಮಾಡಲು ಕೂತರೆ ಇಂಥವು ಆಗದೆ ಇನ್ನೇನು ಆಗಬೇಕು?

ಗದಗಿನ ಅಂಚಿಗೆ, ಹಿಂದೆ ಹತ್ತಿ ಜಿನ್ನಿಂಗ್ ನಡೆಯುತ್ತಿದ್ದ ಒಂದು ಶೆಡ್ಡಿನಲ್ಲಿ ನಾವು ಚೀಲ ಮಾಡುತ್ತಿದ್ದೆವು. ನೋಡಲು ಥೇಟ್ ಪ್ಲಾಸ್ಟಿಕ್ ಚೀಲ. ಹುಟ್ಟು ಮಾತ್ರ ಗೋವಿನಜೋಳದ್ದು. ಜೋಳದ ಪಿಷ್ಟಕ್ಕೆ ಗ್ಲಿಸರಿನ್ನು, ಗಿಡಮೂಲದ ಇನ್ನೊಂದೆರಡು ಪದಾರ್ಥ ಸೇರಿಸಿ ಕಾಸಿ, ತೆಳ್ಳಗೆ ಹಾಳೆ ಎಳೆದು, ಒಣಗಿಸಿ, ಅಂಚು ಬೆಸೆದರೆ ಚೀಲ. ಮಣ್ಣಿಗೆ ಬಿದ್ದರೆ ಕೆಲವು ತಿಂಗಳಲ್ಲಿ ಮಣ್ಣೇ ಆಗುತ್ತದೆ. ಪಾಕ ಹದ ಮಾಡುವವಳು ನಾನು. ಉಳಿದ ಕೆಲಸಕ್ಕೆ ಬೆಟಗೇರಿಯ ನಾಲ್ವರು ಹೆಂಗಸರು, ಮಗ್ಗ ನಿಂತುಹೋದ ಮನೆಗಳವರು. ಶೆಡ್ಡು, ಯಂತ್ರ ಎಲ್ಲ ಮಾಲೀಕರದು. ಅವರು ಯುಗಾದಿ ದಿನ ನಮ್ಮ ಕೈಗೆ ಬೇವು-ಬೆಲ್ಲ ಕೊಟ್ಟು, ಬೇವಿನ ಪಾಲು ಕಡಿಮೆಯಾಯಿತೆಂದೋ ಏನೋ, ಒಂದು ಮಾತನ್ನೂ ಸೇರಿಸಿದರು.

"ಬಾಯಾರ, ದೀಪಾವಳಿ ಮಟಾ ನೋಡ್ತೀನಿ. ಒಬ್ಬ ಖಾಯಂ ಗಿರಾಕಿ ತರ್ರಿ. ಇಲ್ಲಾಂದ್ರ ಶೆಡ್ ಬಾಡಿಗಿ ಕೊಟ್ಟು ಕುಂಡ್ರತೀನಿ. ನೀರಿನ ಬಾಟ್ಲಿ ವ್ಯಾಪಾರದಾಂವ ಕೇಳಾಕ ಹತ್ಯಾನ."

"ಪ್ಲಾಸ್ಟಿಕ್ ಬಾಟ್ಲಿ ಏನ್ರಿ?" ಎಂದೆ.

"ಮತ್ತ ತಾಮ್ರದ ಬಾಟ್ಲಿ ಬರತಾವೇನ್ರಿ?" ಎಂದರು.

ಆ ಒಬ್ಬ ಗಿರಾಕಿಯನ್ನು ಹುಡುಕಿಕೊಂಡು ಊರೂರು ತಿರುಗಿದ ಕಥೆ ಇದು.

ಗಂಜಿ

ಹುಡುಕಾಟ ಮನೆಯಿಂದಲೇ ಶುರುವಾಗಬೇಕಲ್ಲ. ನಮ್ಮದು ನೇಕಾರರ ಮನೆ. ನಮ್ಮ ಅತ್ತೆಯವರು ಮದುವೆಯಾಗಿ ಬಂದ ದಿನದಿಂದ ಮಗ್ಗ ನಿಲ್ಲುವವರೆಗೂ ಹಾಸಿನ ನೂಲು ಗಟ್ಟಿಯಾಗಲೆಂದು ಅದಕ್ಕೆ ಗಂಜಿ ಹಚ್ಚಿದವರು. ಒಂದು ದಿನ ಹರ್ತಿಯಿಂದ ಅವರ ತಂಗಿ ಬಂದಿದ್ದರು. ಅವರ ಮಗಳು ಅಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾಳೆ. ನನ್ನ ಕಣ್ಣು ಆ ಅಂಗಡಿಯ ಮೇಲೆ.

"ಸೊಸಿ ಏನ್ ಕೆಲಸಾ ಮಾಡ್ತಾಳಕ್ಕ?" ತಂಗಿ ಕೇಳಿದರು.

"ಗಂಜಿ ಕಾಸ್ತಾಳ."

"ದೊಡ್ಡ ಕಾಲೇಜ್ ಕಲ್ತಾಳ ಅಂದಿದ್ದಿ?"

"ಕಲ್ತಾಳವಾ. ಕಲ್ತು ಗಂಜಿ ಕಾಸ್ತಾಳ."

ನಾನು ಚಹಾ ಕೊಟ್ಟು, ಅವರೆದುರು ಕೂತು, ಪಿಷ್ಟದ ಅಣುಗಳು ಹೇಗೆ ನೂಲಿನಂತೆ ಉದ್ದಕ್ಕೆ ಹೆಣೆದುಕೊಂಡಿರುತ್ತವೆ, ಕಾಸಿದಾಗ ಹೇಗೆ ಬಿಚ್ಚಿ ಮತ್ತೆ ಕೂಡುತ್ತವೆ ಎಂದೆಲ್ಲ ವಿವರಿಸಿದೆ. ಪುರಾಣ ಕೇಳುವ ಹಾಗೆ ಕೇಳಿದರು. ಆಮೇಲೆ ತಂಗಿ ಚೀಲ ಕೈಯಲ್ಲಿ ಹಿಡಿದು, ಸೀರೆಯ ಸೆರಗು ನೋಡುವಂತೆ ಬೆರಳಲ್ಲಿ ಉಜ್ಜಿ ನೋಡಿದರು.

"ಚಲೋ ಮಾಡೀಯವಾ. ಎಷ್ಟ ವರ್ಷ ಬಾಳಿಕಿ ಬರತೈತಿ?"

"ಬರಂಗಿಲ್ರಿ ಚಿಗವ್ವಾರ. ಮೂರ್ನಾಲ್ಕು ತಿಂಗಳಿಗೆ ಮಣ್ಣಾಗಿ ಹೋಗತೈತಿ," ಎಂದೆ. ಹೇಳುವಾಗ ನನ್ನ ಮುಖದಲ್ಲಿ ಹೆಮ್ಮೆ ಇತ್ತು, ಅದೇ ತಪ್ಪಾಯಿತು.

ತಂಗಿ ಅಕ್ಕನ ಹೆಗಲ ಮೇಲೆ ಕೈಯಿಟ್ಟು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಇರ್ಲಿ ಬಿಡಕ್ಕ. ಒಂದ್ ಮನಿತನ ಅಂದಮ್ಯಾಲ ಒಬ್ಬರು ಹಿಂಗ ಇರ್ತಾರ," ಎಂದರು.

ಅತ್ತೆ ನಿಟ್ಟುಸಿರು ಬಿಟ್ಟರು. "ನಾ ಗಂಜಿ ಹಚ್ಚಿದ ಸೀರಿ ಉಟ್ಟಾಕಿ ಸತ್ತು ಹ್ವಾದ್ಲು, ಸೀರಿ ಇನ್ನಾ ಐತಿ. ಇಕಿ ಚೀಲದಾಗ ಕಾಯಿಪಲ್ಲೆ ತಂದ್ರ, ಕಾಯಿಪಲ್ಲೆ ಮನಿಗೆ ಬರೂದ್ರಾಗ ಚೀಲ ಇರತೈತೋ ಇಲ್ಲೋ ದೇವರ ಬಲ್ಲ."

ಉಪ್ಪು

ಗದಗಿನಲ್ಲಿ ದೊಡ್ಡ ಗಿರಾಕಿ ಎಂದರೆ ಮಿರ್ಚಿ ಅಂಗಡಿಯವನೇ ಎಂದು ಲೆಕ್ಕ ಹಾಕಿದೆ. ಸಂಜೆಯಾದರೆ ಊರೆಲ್ಲ ಗಿರ್ಮಿಟ್ಟು-ಮಿರ್ಚಿಗೆ ನಿಲ್ಲುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಚೀಲ. ಬಸ್ ನಿಲ್ದಾಣದ ಹತ್ತಿರದ ಒಬ್ಬ ಮಿರ್ಚಿಯವನನ್ನು ಒಪ್ಪಿಸಿ, ಒಂದು ಕಟ್ಟು ಚೀಲ ಪುಕ್ಕಟೆ ಕೊಟ್ಟು ಬಂದೆ. ಕಾಗದದಲ್ಲಿ ಸುತ್ತಿ ಹಾಕಬೇಕು ಎಂದೂ ಹೇಳಿದ್ದೆ. ಗದ್ದಲದಲ್ಲಿ ಅವನು ಕಾಗದ ಮರೆತು, ಎಣ್ಣೆಯಿಂದ ತೆಗೆದ ಮಿರ್ಚಿಯನ್ನು ನೇರ ಚೀಲಕ್ಕೇ ಹಾಕಿಕೊಟ್ಟಿದ್ದ.

ಮರುದಿನ ಸಂಜೆ ವರದಿ ಕೇಳಲು ಹೋಗಿ ನಿಂತಿದ್ದೆ. ಧೋತರ ಉಟ್ಟ ಹಿರಿಯರೊಬ್ಬರು ಬಂದರು. "ನಿನ್ನಿ ಮಿರ್ಚಿ ಮ್ಯಾಲ ಏನೋ ಹಚ್ಚಿ ಕೊಟ್ಟಿದ್ದಿಯಲ್ಲೋ, ಏನದು?"

ಮಿರ್ಚಿಯವನು ಜಾಲರಿ ಸೌಟನ್ನು ಬಾಣಲೆಯಲ್ಲೇ ಬಿಟ್ಟು ನನ್ನ ಕಡೆ ಕೈ ಮಾಡಿದ. ನಾನು ಮುಂದೆ ಬಂದೆ. "ಅದು ಚೀಲ ರಿ. ಬಿಸಿಗೆ ಮೆತ್ತಗಾಗಿ ಅಂಟಿಕೊಂಡಿರಬೇಕು. ಗೋವಿನಜೋಳದ್ದು, ಹೊಟ್ಟಿಗೆ ಹ್ವಾದ್ರೂ ಏನೂ ಆಗಂಗಿಲ್ರಿ."

"ಹೊಟ್ಟಿಗೆ ಹೋಗೇ ಐತಿ. ಮನಿ ಮಂದಿ ಎಲ್ಲಾ ತಿಂದೇವಿ." ಅವರು ಗಂಭೀರವಾಗಿ ಯೋಚಿಸಿದರು. "ಮೊದಲ ಒಂದೀಟು ಜಗೀತೈತಿ, ಆಮ್ಯಾಲ ಬಾಯಾಗ ಕರಗತೈತಿ. ಚಲೋ ಐತಿ. ಒಂದ್ ಮಾತು ಹೇಳ್ಲೇನು? ಅದಕ್ಕೂ ಒಂಚೂರು ಉಪ್ಪು ಹಾಕ್ರಿ."

ಅವರು ಹೋದ ಮೇಲೆ ಮಿರ್ಚಿಯವನು ಉಳಿದ ಚೀಲಗಳನ್ನು ಜೋಡಿಸಿ ನನ್ನ ಕೈಗಿಟ್ಟ. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ನಾ ಮಿರ್ಚಿ ಮಾರಿ ಹೊಟ್ಟಿ ಹೊರಿಯಾಂವ. ನಿಮ್ಮ ಚೀಲ ರುಚಿ ಹತ್ತಿದ್ರ ನನ್ನ ಮಿರ್ಚಿ ಯಾರ ಕೇಳಬೇಕು?"

ಔಷಧ

ಸುದ್ದಿ ಮಾಲೀಕರಿಗೆ ಮುಟ್ಟಿತು. ಅವರು ವ್ಯಾಪಾರಸ್ಥರು, ಹಾನಿಯನ್ನೂ ಮಾರುವ ಜಾತಿ. "ಬಿಸಿಗೆ ಕರಗತೈತಿ ಅನ್ನೂದು ದೋಷ ಅಲ್ರಿ ಬಾಯಾರ, ಗುಣ. ಮಂದಿ ಮುಂದ ಕರಗಿಸಿ, ಕುಡುದು ತೋರಸ್ರಿ. ಆವಾಗ ಕೊಳ್ತಾರ," ಎಂದರು.

ಮುಂಡರಗಿಯಲ್ಲಿ ಮಹಿಳಾ ಸಂಘಗಳದೊಂದು ಸಭೆ ಇತ್ತು. ಸಂಘಗಳೆಲ್ಲ ಸೇರಿ ರೊಟ್ಟಿ, ಚಟ್ನಿಪುಡಿ ಮಾರುತ್ತಾರೆ. ಅದಕ್ಕೆ ಚೀಲ ಬೇಕೇ ಬೇಕು. ವೇದಿಕೆ ಹತ್ತಿದೆ. ಗಾಜಿನ ಲೋಟದಲ್ಲಿ ಕುದಿಯುವ ನೀರಿಗೆ ಚೀಲ ಹರಿದು ಹಾಕಿ ಚಮಚದಿಂದ ತಿರುವಿದೆ. ಕರಗಿತು. ಸಭೆ ಚಪ್ಪಾಳೆ ತಟ್ಟಿತು. ಆರಿದ ಮೇಲೆ ಲೋಟವನ್ನು ಗೌರವದಿಂದ ಮುಖ್ಯ ಅತಿಥಿಗಳ ಮುಂದಿಟ್ಟೆ. ಅವರು ಲೋಟ ನೋಡಿದರು, ಸಭೆ ನೋಡಿದರು. "ಇವತ್ತು ನಂದು ಸೋಮವಾರದ ಉಪಾಸ," ಎಂದರು. ಪಕ್ಕದಲ್ಲಿದ್ದ ಅವರ ಪೇಡೆಯ ತಟ್ಟೆ ಆಗಲೇ ಖಾಲಿಯಾಗಿತ್ತು.

ನಾನೇ ಎತ್ತಿ ಕುಡಿದೆ. ರುಚಿ ಹೇಗಿತ್ತು ಎಂದು ಕೇಳಬೇಡಿ. ಉಪ್ಪಿನ ಹಿರಿಯರ ಮಾತು ಖರೆ ಇತ್ತು.

ಸಭೆ ಮುಗಿದದ್ದೇ ಹೆಂಗಸರು ನನ್ನನ್ನು ಸುತ್ತಿಕೊಂಡರು. ಚೀಲ ಹೋಗುತ್ತದೆ ಎಂದು ನನ್ನ ಎದೆ ಅರಳಿತು. ವಯಸ್ಸಾದವರೊಬ್ಬರು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು.

"ದಿನಕ್ಕ ಎಷ್ಟು ತಗೋಬೇಕವಾ? ಸಕ್ರಿ ಬ್ಯಾನಿ ಐತಿ ನನಗ."

"ಅಯ್ಯೋ ಆಯಿ, ಅದು ಔಷಧ ಅಲ್ಲ, ಚೀಲ. ಅದ್ರಾಗ ಪಿಷ್ಟ ಐತಿ, ಕುಡುದ್ರ ಸಕ್ರಿ ಹೆಚ್ಚಾಗತೈತಿ."

"ಮಣಕಾಲ ನೋವಿಗೆ?"

"ಅದಕ್ಕೂ ಆಗಂಗಿಲ್ಲ ಆಯಿ."

ಆಯಿ ಹಿಂದಿದ್ದವರ ಕಡೆ ತಿರುಗಿ ತೀರ್ಪು ಕೊಟ್ಟರು. "ನಡೀರಿ, ನಡೀರಿ. ಯಾವುದಕ್ಕೂ ಆಗಂಗಿಲ್ಲಂತ. ಸುಮ್ಮನ ಕುಡಿಯಾಕಂತ ಮಾಡ್ಯಾರ."

ಏನೂ ಸಿಗಲಿಲ್ಲ

ಇನ್ನು ಕರಗಿಸಿ ಕುಡಿಯುವ ಆಟ ಸಾಕು ಎಂದು ಪಾಕ ಬದಲಿಸಿದೆ. ಚೀಲ ಬಿಸಿ ತಡೆಯಿತು, ಜಗ್ಗಿದರೂ ಹರಿಯಲಿಲ್ಲ. ಈಗ ಬೇರೆ ಭಯ: ಇಷ್ಟು ಗಟ್ಟಿಯಾದದ್ದು ಮಣ್ಣಲ್ಲಿ ಮಣ್ಣಾಗುತ್ತದೋ ಇಲ್ಲವೋ. ಆಗದಿದ್ದರೆ ನಾನು ಇಷ್ಟು ಓದಿ ಮಾಡಿದ್ದು ಬರೀ ತುಟ್ಟಿ ಪ್ಲಾಸ್ಟಿಕ್ಕು. ಹುಗಿದು ನೋಡಲೇಬೇಕು.

ನಮ್ಮಲ್ಲಿ ಚೀಲಕ್ಕೆ ಸೀಲು ಹಾಕುವ ಅಕ್ಕನ ತವರು ಲಕ್ಕುಂಡಿ. ಅವಳ ತಮ್ಮನ ಕರಿಮಣ್ಣಿನ ಎರಿಹೊಲ ಹಿಂಗಾರಿ ಬಿತ್ತನೆಗೆಂದು ಖಾಲಿ ಬಿದ್ದಿತ್ತು. ಬೇಸಿಗೆಯ ಮೊದಲ ಅಡ್ಡಮಳೆಯಾದ ಮೇಲೆ ಹೋಗಿ, ಒಂದು ಕುಣಿ ತೋಡಿ ಚೀಲ ಹುಗಿದು, ಗುರುತಿಗೆ ಕಲ್ಲಿಟ್ಟು, ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಬಂದೆವು. ತೆಗೆಯಲು ನಾಗರ ಅಮಾವಾಸ್ಯೆಯ ದಿನ ಹೋದೆವು. ಅಮಾವಾಸ್ಯೆಗೆ ಮಗ್ಗ ನಡೆಸಬಾರದೆಂಬುದು ನೇಕಾರರ ರೂಢಿ. ಮಗ್ಗ ಹೋಗಿ ಚೀಲ ಬಂದರೂ ನಮ್ಮ ಹೆಂಗಸರು ಆ ರಜೆ ಮಾತ್ರ ಬಿಟ್ಟಿಲ್ಲ. ಕೆಲಸ ಕೆಡದ ದಿನ ಅದೊಂದೇ ಎಂದು ಹೊರಟೆವು. ಬಿಸಿಲಿಗೆ ಶರಬತ್ತಾದರೂ ಆದೀತೆಂದು ಅಕ್ಕ ಬುಟ್ಟಿಯಲ್ಲಿ ನಿಂಬೆಹಣ್ಣೂ ಇಟ್ಟುಕೊಂಡಿದ್ದಳು.

ಲಕ್ಕುಂಡಿಯಲ್ಲಿ ಗುದ್ದಲಿ ಎತ್ತುವ ಮೊದಲು ಮನುಷ್ಯ ಯೋಚಿಸಬೇಕು. ಅಲ್ಲಿ ಪಾಯ ತೋಡಿದರೆ ಕಂಬ ಸಿಗುತ್ತದೆ, ಬಾವಿ ತೋಡಿದರೆ ಮೂರ್ತಿ ಸಿಗುತ್ತದೆ. ಅಂಥ ಊರಲ್ಲಿ, ಅಮಾವಾಸ್ಯೆಯ ದಿನ, ಕೆಂಪು ಬಟ್ಟೆಯ ಬುಡದಲ್ಲಿ, ನಿಂಬೆಹಣ್ಣು ಪಕ್ಕಕ್ಕಿಟ್ಟುಕೊಂಡು ಇಬ್ಬರು ಹೆಂಗಸರು ಅಗೆಯುತ್ತಿದ್ದೇವೆ. ಇದು ನಮಗೆ ಹೊಳೆದದ್ದು ತಲೆಯೆತ್ತಿ ನೋಡಿದಾಗ. ಬದುವಿನ ಮೇಲೆ ಅರ್ಧ ಊರು ನಿಂತಿತ್ತು.

ಆದರೆ ಅದಕ್ಕೂ ಮೊದಲೇ ನಾವು ಕುಣಿದಾಗಿತ್ತು. ಕುಣಿಯಲ್ಲಿ ಚೀಲದ ಹೆಸರಿಲ್ಲ. ಮಣ್ಣು, ಎರಡು ಎರೆಹುಳು, ಅಷ್ಟೇ. ನಾನು ಅಕ್ಕನನ್ನು ತಬ್ಬಿಕೊಂಡುಬಿಟ್ಟಿದ್ದೆ.

"ಏನ್ ಸಿಕ್ತವಾ?" ಹಿರಿಯರೊಬ್ಬರು ಬದುವಿನಿಂದಲೇ ಕೇಳಿದರು.

"ಏನೂ ಸಿಗಲಿಲ್ರಿ."

"ಮತ್ಯಾಕ ಕುಣ್ಯಾಕ ಹತ್ತಿದ್ರಿ?"

"ಏನೂ ಸಿಗಲಿಲ್ಲಂತ್ರಿ."

ಯಾರೋ ಪುಣ್ಯಾತ್ಮ ಫೋನ್ ಮಾಡಿದ್ದ. ಪೊಲೀಸಪ್ಪ ಮೋಟಾರ್ ಸೈಕಲ್ಲಿನಲ್ಲಿ ಬಂದ. ಕುಣಿಗೆ ಬಗ್ಗಿ ನೋಡಿದ, ನಿಂಬೆಹಣ್ಣು ನೋಡಿದ.

"ಏನ್ ಹುಗದಿದ್ರಿ?"

"ಚೀಲ ರಿ."

"ಚೀಲದಾಗ ಏನಿತ್ತು?"

"ಏನೂ ಇದ್ದಿಲ್ರಿ. ಖಾಲಿ ಚೀಲ."

ಅವನು ಬೆರಳು ಮಡಚುತ್ತ ಹೇಳಿದ: "ಖಾಲಿ ಚೀಲ ಹುಗುದ್ರಿ. ಮಳಿ ಆಗೂತನಾ ಕಾದ್ರಿ. ಅಮಾಸಿ ದಿನಾ ನೋಡಿ ಬಂದು ತಗುದ್ರಿ. ಆ ಖಾಲಿ ಚೀಲಾನೂ ಇಲ್ಲ. ಅದಕ್ಕ ಖುಷಿ ಪಟ್ರಿ."

"ಹೌದ್ರಿ."

ಅವನು ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಆಮೇಲೆ ಮೆತ್ತಗೆ, "ಮನ್ಯಾಗ ಗಂಡಸರು ಯಾರರ ಅದಾರೇನ್ರಿ? ಫೋನ್ ಹಚ್ಚಿ ಕೊಡ್ರಿ," ಎಂದ. ನನ್ನ ಡಿಗ್ರಿಗಳೆಲ್ಲ ಆ ಕುಣಿಯಲ್ಲೇ ಮಣ್ಣಾದವು. ನಮ್ಮ ಮನೆಯ ಯಜಮಾನರಿಗೆ ಹಚ್ಚಿ ಕೊಟ್ಟೆ. ಅವರು ಎಲ್ಲ ಕೇಳಿಸಿಕೊಂಡು, "ಹೌದ್ರಿ ಸಾಹೇಬ್ರ, ಮನ್ಯಾಗೂ ಹಿಂಗ," ಎಂದರಂತೆ. ಪೊಲೀಸಪ್ಪ ನಮ್ಮನ್ನು ಬಿಟ್ಟ.

ಊರು ಮಾತ್ರ ಬಿಡಲಿಲ್ಲ. ಎರಡು ದಿನ ಬಿಟ್ಟು ಅಕ್ಕನ ತಮ್ಮನ ಫೋನು ಬಂತು. "ಅಕ್ಕಾರ, ಮಂದಿ ಬಂದು ಹೊಲಾ ಪೂರಾ ಅಗದು ಹೋಗ್ಯಾರ. ಒಂದು ಮೂಲಿ ಬಿಟ್ಟಿಲ್ಲ."

"ತಪ್ಪಾತು ತಮ್ಮಾ," ಎಂದೆ.

"ಛೇ ಛೇ, ಬೈಯಾಕ ಫೋನ್ ಮಾಡಿಲ್ರಿ. ಹಿಂಗಾರಿಗೆ ಹರಗೂ ಕೆಲಸಾ ಉಳೀತು. ಮುಂದಿನ ವರ್ಷಾನೂ ಬಂದು ಒಂದೀಟು ಖುಷಿ ಪಟ್ಟು ಹೋಗ್ರಿ."

ಎಮ್ಮೆ

ಶಿರಹಟ್ಟಿಯದು ಸಣ್ಣದು. ಬಸ್ಸಿಗೆ ಕಾಯುತ್ತ ನಮೂನೆಯ ಚೀಲಗಳ ಕಟ್ಟನ್ನು ಕಟ್ಟೆಯ ಮೇಲಿಟ್ಟು ನೀರು ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಒಂದು ಎಮ್ಮೆ ಅರ್ಧ ಕಟ್ಟು ಮುಗಿಸಿತ್ತು. ಎಮ್ಮೆಯವಳು ಓಡಿ ಬಂದು ಎದೆ ಬಡಿದುಕೊಂಡಳು. ಪ್ಲಾಸ್ಟಿಕ್ ತಿಂದು ಎಮ್ಮೆ ಸಾಯುತ್ತದೆಂದು ನನ್ನನ್ನು, ನನ್ನ ಹಡೆದವರನ್ನು, ಕಾಲೇಜು ಕಲಿಸಿದವರನ್ನು ಬೈದಳು. ಏನಾದರೂ ಆದರೆ ಹೇಳು ಎಂದು ನಂಬರ್ ಕೊಟ್ಟು ಬಂದೆ.

ಮೂರನೇ ದಿನ ಫೋನು. "ಎಮ್ಮಿ ಹೆಂಗೈತವಾ?"

"ಎಮ್ಮಿಗೇನ್ ಧಾಡಿ? ಹಾಲು ಒಂದೀಟು ಹೆಚ್ಚ ಕೊಡಾಕ ಹತ್ತೈತಿ. ಆ ಚೀಲ ಹಿಂಡಿ ಅಂಗಡ್ಯಾಗ ಸಿಗತೈತೇನ್ರಿ?"

ಇಡೀ ಜಿಲ್ಲೆಯಲ್ಲಿ ನನ್ನ ಚೀಲವನ್ನು ಎರಡನೇ ಸಲ ಕೇಳಿದ ಗಿರಾಕಿ ಆ ಎಮ್ಮೆಯೊಂದೇ.

ಹಾಳಾದ್ರ ಹ್ವಾತು

ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು ಮಾತ್ರ ನನ್ನನ್ನು ಕುರ್ಚಿ ಹಾಕಿ ಕೂರಿಸಿದರು. ತೊಗರಿ, ಹೆಸರು, ಕಡಲೆ, ಎಲ್ಲ ಚಿಲ್ಲರೆ ಕಟ್ಟಿ ಕೊಡುವ ದೊಡ್ಡ ಅಂಗಡಿ. ನಾನು ಹೇಳಿದ್ದನ್ನೆಲ್ಲ ಕೇಳಿ, ಕಣ್ಣಲ್ಲಿ ನೀರು ತಂದುಕೊಂಡು, "ಭೂಮಿತಾಯಿ ಸೇವಾ ಮಾಡಾಕ ಹತ್ತೀರಿ ನೀವು," ಎಂದರು. ಹೇಳಿದಷ್ಟು ಕಟ್ಟು ಇಳಿಸಿಕೊಂಡರು. ನಾನು ಬಸ್ಸಿನಿಂದಲೇ ಮಾಲೀಕರಿಗೆ ಫೋನ್ ಮಾಡಿ, ಬಾಟ್ಲಿಯವನಿಗೆ ಬೇರೆ ಶೆಡ್ಡು ನೋಡಿಕೊಳ್ಳಲು ಹೇಳಿರಿ ಎಂದೆ.

ಶ್ರಾವಣ ಮುಗಿಯುವ ಹೊತ್ತಿಗೆ, ಇನ್ನೊಂದು ಆರ್ಡರು ಬರಬೇಕಿತ್ತಲ್ಲ ಎಂದು ಹೋದೆ. ಅದೇ ಕುರ್ಚಿ, ಅದೇ ಗೌರವ.

"ಚೀಲ ಹೆಂಗದಾವ್ರಿ?"

"ಬಾಳ ಛಂದ ಅದಾವ್ರಿ. ಮೊದಲನೇದು ನೋಡ್ರಿ, ಲಕ್ಷ್ಮಿ ಮುಂದ ಇಟ್ಟೀನಿ." ದೇವರ ಜಗಲಿಯ ಮೇಲೆ ನಮ್ಮ ಚೀಲ, ಕುಂಕುಮ, ಹೂವು.

"ಉಳಿದವು?"

ಅವರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮುಚ್ಚಳ ತೆಗೆದರು. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆ ಬಿಚ್ಚಿದರೆ ನಮ್ಮ ಕಟ್ಟುಗಳು, ಕೊಟ್ಟಂತೆಯೇ.

"ನಮ್ಮಲ್ಲಿ ಇಲಿ ಕಾಟ. ಇಂಥಾ ವಸ್ತು ಹಾಳಾಗಬಾರದಲ್ರಿ. ಅದಕ್ಕ ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಬಂದೋಬಸ್ತ್ ಮಾಡೀನಿ."

"ಹಂಗಾರ ಕಾಳು ಯಾವುದರಾಗ ಕಟ್ಟಿ ಕೊಡ್ತೀರಿ?"

ಅವರು ದುಡ್ಡಿನ ಗಲ್ಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದ ಗೊಂಚಲಿನಿಂದ ಒಂದು ತೆಳು ಪ್ಲಾಸ್ಟಿಕ್ ಚೀಲ ಕಿತ್ತು ತೋರಿಸಿದರು. "ಇದರಾಗ್ರಿ. ಇದೇನು, ಹಾಳಾದ್ರ ಹ್ವಾತು."

ಮಾಲು

ಕೊನೆಗೂ ಗಿರಾಕಿ ಸಿಕ್ಕರು. ಒಬ್ಬ ಸೀರೆ ವ್ಯಾಪಾರಿ. ಯಾವ ಊರು ಎಂದು ಹೇಳುವುದಿಲ್ಲ. ನಮ್ಮ ಸುತ್ತಿನ ಎಲ್ಲ ಊರಲ್ಲೂ ನಾನು ಇನ್ನೂ ಬಸ್ಸಿಳಿಯಬೇಕಿದೆ. ಅವರು ಡ್ರಮ್ಮಿನಲ್ಲಿ ಇಡಲಿಲ್ಲ. ಗಣಪತಿ ಹಬ್ಬದ ವ್ಯಾಪಾರಕ್ಕೆ ಬಂದ ಗಿರಾಕಿಗಳಿಗೆಲ್ಲ ನಮ್ಮ ಚೀಲದಲ್ಲೇ ಸೀರೆ ಹಾಕಿಕೊಟ್ಟರು. "ದೀಪಾವಳಿಯಿಂದ ವರ್ಷಾನುಗಟ್ಲೆ ನಿಮ್ಮ ಹತ್ರನ ತಗೋತೀನಿ," ಎಂದು ಬಾಯಿಬಿಟ್ಟು ಹೇಳಿದರು. ಶೆಡ್ಡಿನಲ್ಲಿ ಅಂದು ಹೆಂಗಸರು ಶಿರಾ ಮಾಡಿದರು.

ಶಿರಾ ಆರುವ ಮೊದಲು, ಅಂದರೆ ಅದೇ ವಾರ, ಆ ಊರಿನ ಪುರಸಭೆ ಕಚೇರಿಯವರು ನಿಷೇಧಿತ ಪ್ಲಾಸ್ಟಿಕ್ ಹಿಡಿಯಲು ಪ್ಯಾಟೆಗೆ ಇಳಿದರು. ಸೀರೆ ಅಂಗಡಿಯಲ್ಲಿದ್ದ ನಮ್ಮ ಚೀಲವನ್ನೆಲ್ಲ ಜಪ್ತಿ ಮಾಡಿದರು. ನಾನು ಓಡಿ ಹೋಗುವಷ್ಟರಲ್ಲಿ ಸಾಹೇಬರು ಒಂದನ್ನು ಸುಟ್ಟು ನೋಡುತ್ತಿದ್ದರು.

"ಜ್ವಾಳದ ಅಳ್ಳು ಹುರಿದಂಗ ವಾಸ್ನಿ ಬರ್ತೈತ್ರಿ ಸಾಹೇಬ್ರ," ಎಂದ ಸಿಪಾಯಿ.

"ವಾಸ್ನಿ ಯಾವುದರ ಬರ್ಲಿ. ನೋಡಾಕ ಪ್ಲಾಸ್ಟಿಕ್ ಐತೋ ಇಲ್ಲೋ?"

"ನೋಡಾಕ ಅಷ್ಟ ರಿ," ನಾನು ಹೇಳಿದೆ. "ಇದು ಮಣ್ಣಾಗತೈತ್ರಿ."

"ಎಲ್ಲಾರೂ ಹಂಗ ಹೇಳ್ತಾರ ಬಾಯಾರ. ಪ್ರಯೋಗಾಲಯಕ್ಕ ಕಳಸ್ತೀವಿ. ಮಣ್ಣಾಗೂದು ಖರೆ ಅಂತ ಅವರು ಬರದು ಕೊಟ್ರ ನಿಮ್ಮ ಚೀಲ ನಿಮಗ, ಮಾರಾಕ ಪರವಾನಗಿ ನಿಮಗ."

ಚೀಲಗಳನ್ನು ಗೋಣಿಗೆ ತುಂಬಿ, ಬಾಯಿ ಹೊಲಿದು, ಅರಗಿನ ಮುದ್ರೆ ಒತ್ತಿ, ಕಚೇರಿಯ ಉಗ್ರಾಣಕ್ಕೆ ಒಯ್ದರು. ಸೀರೆಯವರು ಕೈಮುಗಿದರು: "ರಿಪೋರ್ಟ್ ಬಂದ ಮ್ಯಾಲ ಬರ್ರಿ." ಮಾಲೀಕರು ಇನ್ನೂ ಸ್ಪಷ್ಟವಾಗಿ ಹೇಳಿದರು: "ರಿಪೋರ್ಟ್ ಬಂದ್ರ ಚೀಲ, ಇಲ್ಲಾಂದ್ರ ಬಾಟ್ಲಿ."

ಗೋಣಿ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಇವತ್ತು ಮೀಟಿಂಗು, ನಾಳೆ ರಜೆ, ನಾಡಿದ್ದು ಸಾಹೇಬರ ಮಾವನ ತಿಥಿ. ಮಹಾನವಮಿ ದಾಟಿತು. ಕೊನೆಗೊಂದು ದಿನ, ಮುದ್ರೆ ಒಡೆದು ನಮೂನೆ ತೆಗೆಯುತ್ತೇವೆ, ನೀವೂ ಎದುರಿಗಿರಬೇಕು ಎಂದು ಕರೆ ಬಂತು. ಹೋದೆ.

ಉಗ್ರಾಣ ನೋಡಿಕೊಳ್ಳುವವರು, ನಿವೃತ್ತಿಗೆ ಹತ್ತಿರವಾದ ಬಡಪಾಯಿ, ಗೋಣಿ ಎತ್ತಿಕೊಂಡು ಬಂದರು. ಅವರು ಅಷ್ಟು ಹಗುರವಾಗಿ ಎತ್ತಿಕೊಂಡು ಬಂದದ್ದು ನೋಡಿ ನನಗೆ ಒಂದು ಆಸೆ ಮೂಡಿತು. ಆ ಉಗ್ರಾಣದ ಮಾಡು ಸೋರುತ್ತದೆ, ನೆಲಕ್ಕೆ ಗೆದ್ದಲು; ತಿಂಗಳುಗಳ ಕೆಲಸ ಅಲ್ಲಿ ವಾರಗಳಲ್ಲೇ ಮುಗಿದೀತು. ಹೊಲಿಗೆ ಬಿಚ್ಚಿ ಗೋಣಿ ಕೊಡವಿದರು. ಮೇಜಿನ ಮೇಲೆ ಬಿದ್ದದ್ದು ಬೊಗಸೆಯಷ್ಟು ಹಸಿ ಕರಿ ಮಣ್ಣು.

ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪರೀಕ್ಷೆ ನಾನು ಮಾಡಿರಲಿಲ್ಲ. ಮುದ್ರೆ ಸರ್ಕಾರದ್ದು, ಬೀಗ ಸರ್ಕಾರದ್ದು, ಸಾಕ್ಷಿ ಸರ್ಕಾರದ್ದು. "ನೋಡ್ರಿ ಸಾಹೇಬ್ರ," ಎಂದೆ.

ಸಾಹೇಬರು ನೋಡಿದರು. "ಮಾಲು ಎಲ್ಲೈತಿ?"

"ಇದ ಮಾಲು ರಿ."

"ಇದು ಮಣ್ಣು."

"ಹೌದ್ರಿ. ಅದನ್ನ ನಾ ಮೊದಲಿಂದ ಹೇಳಾಕ ಹತ್ತಿದ್ದು."

"ಬಾಯಾರ, ನಾವು ಜಪ್ತಿ ಮಾಡಿದ್ದು ಚೀಲ. ಕಳಸಬೇಕಾದ್ದೂ ಚೀಲ. ಮಣ್ಣು ಕಳಿಸಿದ್ರ ಅದಕ್ಕ ಯಾವ ಗೊಬ್ಬರ ಹಾಕ್ಬೇಕು ಅಂತ ಬರದು ಕೊಡ್ತಾರ."

"ಮಣ್ಣಾಗತೈತೋ ಇಲ್ಲೋ ನೋಡಾಕಂತಲ್ರಿ ಕಳಸೂದು? ಆಗೇತಲ್ರಿ."

"ಅದನ್ನ ಹೇಳಾಕ ನಾನೂ ಅಲ್ಲ, ನೀವೂ ಅಲ್ಲ. ಪ್ರಯೋಗಾಲಯದವರು ಹೇಳಬೇಕು. ಅವರು ಹೇಳಬೇಕಾದ್ರ ಚೀಲ ಬೇಕು."

"ಹೊಸಾ ಚೀಲ ಈಗಿಂದೀಗ ತಂದು ಕೊಡ್ತೀನ್ರಿ."

"ಆರೋಪಿ ಕಡಿಂದ ಮಾಲು ತಗೊಳ್ಳಾಕ ಬರಂಗಿಲ್ಲ." ಸಾಹೇಬರು ಉಗ್ರಾಣದವರ ಕಡೆ ತಿರುಗಿದರು. "ಜಪ್ತಿ ಮಾಡಿದ ಮಾಲು ನಿಮ್ಮ ತಾಬಾದಾಗ ಇತ್ತು. ಈಗಿಲ್ಲ. ಈ ವಾರದಾಗ ಹುಡುಕಿ ತಂದಿಡ್ರಿ. ಇಲ್ಲಾಂದ್ರ ನಿಮ್ಮ ಪಿಂಚಣಿ ಮಣ್ಣಾಗತೈತಿ."

ನಾನು ಮೇಜಿನ ಮೇಲಿನ ಮಣ್ಣನ್ನಾದರೂ ಕೊಡಿ ಎಂದು ಕೇಳಿದೆ. ಸಿಪಾಯಿ ಅಷ್ಟರಲ್ಲೇ ಒರೆಸಿಬಿಟ್ಟಿದ್ದ.

ಆಮೇಲೆ ಏನಾಯಿತೋ, ಮಾಲು ಸಿಕ್ಕಿತಂತೆ, ಪ್ರಯೋಗಾಲಯಕ್ಕೂ ಹೋಯಿತಂತೆ. ನನಗೆ ತಲೆಬುಡ ತಿಳಿಯಲಿಲ್ಲ. ದೀಪಾವಳಿಗೆ ಇನ್ನೇನು ನೀರು ತುಂಬಬೇಕು ಎನ್ನುವಾಗ ರಿಪೋರ್ಟು ಬಂತು: ಅಪ್ಪಟ ಪ್ಲಾಸ್ಟಿಕ್, ನಿಷೇಧಿತ. ಸೀರೆಯವರು ನನ್ನ ಫೋನ್ ಎತ್ತುವುದು ಬಿಟ್ಟರು. ಮಾಲೀಕರು ಏನೂ ಬೈಯಲಿಲ್ಲ. ಪಾಡ್ಯದ ದಿನ ಪೂಜೆ ಮಾಡಿ ಬೀಗದ ಕೈ ಬಾಟ್ಲಿಯವನಿಗೆ ಕೊಟ್ಟರು. ನಾಲ್ವರಲ್ಲಿ ಮೂವರು ಮನೆಗೆ ಹೋದರು. ಸೀಲು ಹಾಕುವ ಅಕ್ಕ ಅದೇ ಶೆಡ್ಡಿನಲ್ಲಿ, ಅದೇ ಮೇಜಿನ ಮುಂದೆ, ಈಗ ಬಾಟ್ಲಿಗೆ ಚೀಟಿ ಅಂಟಿಸುತ್ತಾಳೆ. "ಇದರಾಗ ಒಂದ್ ಸುಖ ಐತ್ರಿ ಅಕ್ಕಾರ," ಎಂದಳು, "ಕರಗತೈತೋ ಇಲ್ಲೋ ಅಂತ ಚಿಂತಿ ಇಲ್ಲ."

ಹಬ್ಬ ಕಳೆದು ಕೆಲವು ದಿನಕ್ಕೆ ಆ ಊರಿನ ಚಹಾದಂಗಡಿಯ ಮುಂದೆ ಉಗ್ರಾಣದವರು ಸಿಕ್ಕರು. ತಪ್ಪಿಸಿಕೊಂಡು ಹೋಗುತ್ತಿದ್ದವರು ತಿರುಗಿ ಬಂದು ಕೈಮುಗಿದು ನಿಂತರು.

"ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮಾಲು ಹುಡುಕಿ ತಾ ಅಂದ್ರು, ಎಲ್ಲಿಂದ ತರ್ಲಿ? ಪ್ಯಾಟ್ಯಾಗ ಹೋಗಿ ಅಷ್ಟ ಚೀಲ ತಂದು, ಗೋಣಿಗೆ ತುಂಬಿ, ಮತ್ತ ಮುದ್ರಿ ಒತ್ತಿಟ್ಟೆ."

ನಾನು ಚಹಾದ ಲೋಟ ಕೆಳಗಿಟ್ಟೆ. "ಎಂಥಾ ಚೀಲ?"

"ಪ್ಯಾಟ್ಯಾಗ ಮತ್ತ್ಯಾವ ಚೀಲ ಸಿಗತಾವ್ರಿ?"

"ಪ್ಲಾಸ್ಟಿಕ್ ಬಂದ್ ಮಾಡೀವಿ ಅಂತೀರಿ. ಆ ಚೀಲ ನಿಮಗ ಎಲ್ಲಿ ಸಿಕ್ವು?"

"ನಮ್ಮ ಕಚೇರಿ ಮುಂದಿನ ಅಂಗಡ್ಯಾಗ್ರಿ."

ನಾನು ಕಟ್ಟೆಯ ಮೇಲೆ ಕೂತೆ. ಅವರಿಗೂ ಪಾಪ ಅನಿಸಿರಬೇಕು. ಪಕ್ಕದಲ್ಲಿ ಕೂತು, ನನ್ನ ಚಹಾದ ದುಡ್ಡು ತಾವೇ ಕೊಟ್ಟು, ಸಮಾಧಾನ ಹೇಳಿದರು.

"ಇಷ್ಟ್ಯಾಕ ಬ್ಯಾಸರಾ ಮಾಡ್ಕೋತೀರಿ? ರಿಪೋರ್ಟ್ ನಾ ಪೂರಾ ಓದೀನಿ. ನಿಮ್ಮ ಮಾಲಿನ ಬಗ್ಗೆ ಬಾಳ ಚಲೋ ಬರದಾರ್ರಿ. ಮಣ್ಣಾಗ ನೂರಾರು ವರ್ಷ ಇಟ್ರೂ ಏನೂ ಆಗಂಗಿಲ್ಲಂತ."